ದೊರೆ ಇಳಿದ ಮೇಲೂ ಉಳಿದ ಕೆಲಸ

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕದಲ್ಲಿ ಧ್ವಜ ಏರುತ್ತದೆ. ಅಂದಿನ ಭಾಷಣಗಳಲ್ಲಿ ಸರ್ದಾರ್ ಪಟೇಲರ ಹೆಸರು, ಸೈನ್ಯದ ಹೆಸರು ದೊಡ್ಡದಾಗಿ ಕೇಳಿಸುತ್ತವೆ. ಹತ್ತು ವರ್ಷ ನಿಜಾಮನ ವಿರುದ್ಧ ಜನರನ್ನು ಕಟ್ಟಿದ ಸ್ವಾಮಿ ರಮಾನಂದ ತೀರ್ಥರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಬಂದುಹೋಗುತ್ತಾರೆ.

ಸಿಂದಗಿಯಲ್ಲಿ 1903ರಲ್ಲಿ ಹುಟ್ಟಿದ ವೆಂಕಟೇಶ ಖೇಡಗೀಕರ ಮೊದಲು ಕಾರ್ಮಿಕ ಸಂಘಟನೆಯಲ್ಲಿ, ಆಮೇಲೆ ಶಾಲಾ ಮೇಷ್ಟರಾಗಿ ದುಡಿದವರು. ಸನ್ಯಾಸ ಪಡೆದು ರಮಾನಂದ ತೀರ್ಥರಾದರು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ನಿಜಾಮ ಸರ್ಕಾರ ಅದನ್ನು ನಿಷೇಧಿಸಿತು. ಸತ್ಯಾಗ್ರಹ ಮಾಡಿ ಅವರು ಜೈಲು ಸೇರಿದರು. ನಿಷೇಧ ತೆರವಾದದ್ದು 1946ರಲ್ಲಿ. 1947ರ ಆಗಸ್ಟ್ 15ರಂದು ಭಾರತದ ಧ್ವಜ ಹಾರಿಸಲು ಕರೆಕೊಟ್ಟು ಮತ್ತೆ ಬಂಧನಕ್ಕೊಳಗಾದರು. ರಜಾಕಾರರ ಹಾವಳಿಯ ದಿನಗಳಲ್ಲಿ ಮುಂಡರಗಿ, ಗಜೇಂದ್ರಗಡಗಳ ಗಡಿ ಶಿಬಿರಗಳು ರಾಯಚೂರು ಸೀಮೆಯ ಹೋರಾಟಗಾರರಿಗೆ ನೆಲೆಯಾದವು. 1948ರ ಸೆಪ್ಟೆಂಬರ್‌ನಲ್ಲಿ ಸೈನ್ಯ ಐದೇ ದಿನಗಳಲ್ಲಿ ಕೆಲಸ ಮುಗಿಸಿತು.

ಆದರೆ ಅಂದು ದೊರೆ ಪೂರ್ತಿ ಇಳಿದನೇ? ಮೀರ್ ಉಸ್ಮಾನ್ ಅಲಿ ಖಾನ್ 1950ರಿಂದ 1956ರವರೆಗೆ ಅದೇ ರಾಜ್ಯದ ರಾಜಪ್ರಮುಖ. ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನ. ಇನ್ನೊಂದು ಕಹಿ ಸತ್ಯವೂ ಇದೆ. ಕಾರ್ಯಾಚರಣೆಯ ನಂತರ ಕಲಬುರಗಿ, ಬೀದರ್, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳಲ್ಲಿ ಸಾಮಾನ್ಯ ಮುಸ್ಲಿಮರ ಮೇಲೆ ಭೀಕರ ಹಿಂಸೆ ನಡೆಯಿತು. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ, ರಾಜ್ಯದಲ್ಲಿ ಸತ್ತವರು ಕಡಿಮೆಯೆಂದರೂ 27ರಿಂದ 40 ಸಾವಿರ ಎಂದು ಅಂದಾಜಿಸಿತು. ನಿಜಾಮನ ಆಳ್ವಿಕೆಯ ಲೆಕ್ಕವನ್ನು ಬಡ ನೇಕಾರ, ರೈತರಿಂದ ವಸೂಲು ಮಾಡಿದ್ದನ್ನು ವಿಮೋಚನೆ ಎನ್ನಲಾಗದು. ಆ ವರದಿ ದಶಕಗಳ ಕಾಲ ಕತ್ತಲಲ್ಲಿತ್ತು.

ರಮಾನಂದ ತೀರ್ಥರ ನಿಜವಾದ ಪರಂಪರೆ ಗದ್ದುಗೆ ಉರುಳಿದ ನಂತರದ ಎರಡು ಒತ್ತಾಯಗಳಲ್ಲಿದೆ. ಒಂದು ಭೂಮಿ. ನಿಜಾಮನ ಖಾಸಗಿ ಸರ್ಫೇಖಾಸ್ ಮತ್ತು ಜಾಗೀರುಗಳು ಸೇರಿ ರಾಜ್ಯದ ಸುಮಾರು ಐದರಲ್ಲಿ ಎರಡು ಪಾಲು ನೆಲವನ್ನು ಹಿಡಿದಿದ್ದವು. 1949ರಲ್ಲಿ ಜಾಗೀರುಗಳು ರದ್ದಾದವು. 1950ರಲ್ಲಿ ಗೇಣಿ ಕಾಯ್ದೆ ಬಂತು. ಪಕ್ಷದೊಳಗಿನ ಸೌಮ್ಯವಾದಿಗಳ ಎದುರು ತೀರ್ಥರ ಬಣ ಭೂಸುಧಾರಣೆಗೆ ಪಟ್ಟು ಹಿಡಿದಿತ್ತು. ಇನ್ನೊಂದು ಭಾಷೆ. ಹೈದರಾಬಾದ್ ರಾಜ್ಯವನ್ನು ಒಡೆಯಲು ನೆಹರೂಗೆ ಮನಸ್ಸಿರಲಿಲ್ಲ. ತಾವೇ ಬಿಡಿಸಿದ ರಾಜ್ಯವನ್ನು ಕನ್ನಡ, ತೆಲುಗು, ಮರಾಠಿಗರಿಗೆ ಹಂಚಿಬಿಡಿ ಎಂದವರು ತೀರ್ಥರು. ಗೆದ್ದ ರಾಜ್ಯವನ್ನೇ ಇಲ್ಲವಾಗಿಸಲು ಒತ್ತಾಯಿಸಿದ ನಾಯಕರು ಅಪರೂಪ. 1956ರ ನವೆಂಬರ್ 1ರಂದು ರಾಯಚೂರು, ಕಲಬುರಗಿ, ಬೀದರ್ ಮೈಸೂರು ರಾಜ್ಯಕ್ಕೆ ಸೇರಿದವು. ರಾಜಪ್ರಮುಖ ಹುದ್ದೆಯೂ ಅಂದಿಗೆ ಇಲ್ಲವಾಯಿತು. ಆಸಫ್‌ಜಾಹಿ ಆಳ್ವಿಕೆಯ ಕೊನೆಯ ಗುರುತು ಅಳಿದ ದಿನ ಇದು ಎನ್ನುವುದು ಹೆಚ್ಚು ಸರಿ.

ಹಾಗಾದರೆ ಪ್ರಜೆ ನಾಗರಿಕನಾದನೇ? ಈ ಪ್ರಶ್ನೆಯನ್ನು ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ನಿಂತು ಕೇಳಬಹುದು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ನಡುವಿನ ಹೊಲಕ್ಕೆ ಮಳೆಯೇ ಗತಿ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಇಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತರು. 2021ರ ಮಸ್ಕಿ ಉಪಚುನಾವಣೆಯಲ್ಲಿ ಅದೇ ದೊಡ್ಡ ಮಾತಾಯಿತು. 371ಜೆ ಬಂದಿದೆ, ಪ್ರದೇಶದ ಹೆಸರು ಬದಲಾಗಿದೆ. ನೀರು ಮಾತ್ರ ಹೋರಾಡಿಯೇ ಕೇಳಬೇಕಾಗಿದೆ.

ಇದನ್ನು ಸೋಲೆಂದಷ್ಟೇ ಓದಬೇಕಿಲ್ಲ. ಜಾಗೀರದಾರನ ಕಾಲದಲ್ಲಿ ರೈತ ಅರ್ಜಿ ಹಿಡಿದು ದಯೆಗೆ ಕಾಯುತ್ತಿದ್ದ. ಧರಣಿಯ ಡೇರೆಯಲ್ಲಿ ಕೂತವರು ದಯೆ ಕೇಳಲಿಲ್ಲ, ಪಾಲು ಕೇಳಿದರು. 1972ರಲ್ಲಿ ತೀರಿಕೊಂಡ ಸನ್ಯಾಸಿಯ ಹೆಸರನ್ನು ಅಲ್ಲಿ ಯಾರೂ ಹೇಳದಿದ್ದರೂ, ಅವರು ಅರ್ಧಕ್ಕೆ ಬಿಟ್ಟ ಕೆಲಸ ಮುಂದುವರಿಯುತ್ತಿರುವುದು ಅಂಥ ಕಡೆಗಳಲ್ಲೇ.