ಮೆಚ್ಚಿನ ಕ್ಯಾಮೆರಾ, ಮನೆಯ ಚರಿತ್ರೆ

ಮೈಸೂರು ರಸ್ತೆಯ ಬದಿಯ ಬಾಪೂಜಿ ನಗರದಂಥ ಬಡಾವಣೆಯಲ್ಲಿ ಬಹುಕಾಲದಿಂದ ನೆಲೆಸಿರುವ ಸಂಸಾರವೊಂದರ ಮನೆಗೆ ಹೋದರೆ, ನಡುಮನೆಯ ಗೋಡೆಯ ಮೇಲೆ ಮೂರು ಬಗೆಯ ಚಿತ್ರಗಳನ್ನು ಕಾಣಬಹುದು. ಒಂದು, ಅಜ್ಜ ಕುರ್ಚಿಯಲ್ಲಿ ಕುಳಿತು, ಅಜ್ಜಿ ಪಕ್ಕದಲ್ಲಿ ನಿಂತು, ಇಬ್ಬರೂ ಉಸಿರು ಬಿಗಿಹಿಡಿದಂತಿರುವ ದೊಡ್ಡ ಭಾವಚಿತ್ರ. ಎರಡು, ಕಾರ್ಖಾನೆಯಿಂದ ನಿವೃತ್ತರಾದವರಿಗೆ ಹಾರ ಹಾಕಿ, ಜೊತೆಯವರೆಲ್ಲ ಸಾಲಾಗಿ ಕುಳಿತ ಗುಂಪುಚಿತ್ರ. ಮೂರು, ಒಂದೇ ಕಟ್ಟಿನೊಳಗೆ ಒತ್ತೊತ್ತಾಗಿ ಅಂಟಿಸಿದ ಪುಟ್ಟ ಚೌಕಚಿತ್ರಗಳು: ಅಂಗಳದ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಗುವ ಮಕ್ಕಳು. ಇವುಗಳ ಅಂತರವನ್ನು ನಾವು ಕಾಲದ ಅಂತರವೆಂದು ತಿಳಿಯುತ್ತೇವೆ. ಆದರೆ ಅದರಲ್ಲಿ ಬಹುಪಾಲು ಕ್ಯಾಮೆರಾದ ಅಂತರ. ಯಾರು ಯಾವ ಕ್ಯಾಮೆರಾವನ್ನು ಮೆಚ್ಚಿದರು, ಏಕೆ ಮೆಚ್ಚಿದರು ಎಂಬುದು ತಿಳಿದರೆ, ನಮ್ಮ ಮನೆಗಳ ಚರಿತ್ರೆಯಲ್ಲಿ ಏನು ಉಳಿಯಿತು, ಏನು ಉಳಿಯಲಿಲ್ಲ ಎಂಬುದೂ ತಿಳಿಯುತ್ತದೆ.

ಈ ಕಥೆಯ ಮೊದಲ ಪುಟಗಳಲ್ಲಿ ಮನೆಗಳಿಲ್ಲ, ಗುಡಿಗಳಿವೆ. 1854ರ ಕೊನೆಯಲ್ಲಿ ಕ್ಯಾಪ್ಟನ್ ಲಿನಿಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳಿಗೆ ಹೋಗಿ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರ ತೆಗೆದನು. ಆ ಕಾಗದದ ಮೇಲೆ ಬಿಂಬ ಮೂಡಲು ಬಹಳ ಹೊತ್ತು ಬೆಳಕು ಬೀಳಬೇಕಾಗಿತ್ತು. ಕಲ್ಲಿನ ಮದನಿಕೆ ಅಷ್ಟು ಹೊತ್ತು ಅಲುಗದೆ ನಿಂತಾಳು. ಜೀವವುಳ್ಳ ಮನುಷ್ಯ ನಿಲ್ಲಲಾರ.

ಮುಂದೆ ಗಾಜಿನ ಪ್ಲೇಟುಗಳು ಬಂದು, ಕಾಯುವ ಹೊತ್ತು ಸೆಕೆಂಡುಗಳಿಗೆ ಇಳಿಯಿತು. ಪಟ್ಟಣಗಳಲ್ಲಿ ಸ್ಟುಡಿಯೋಗಳು ಎದ್ದವು. ಬೆಂಗಳೂರಿನಲ್ಲಿ ಇಂದಿಗೂ ಹೆಸರಾಗಿರುವ ಜಿ. ಕೆ. ವೇಲ್ ಸಂಸ್ಥೆ 1910ರದು. ಸ್ಟುಡಿಯೋದವರಿಗೆ ಮೆಚ್ಚಿನದೆಂದರೆ ಮರದ ಚೌಕಟ್ಟು, ಹಿತ್ತಾಳೆಯ ತಿರುಪು, ತಿದಿಯಂತೆ ಮಡಿಸುವ ಚರ್ಮ ಇವುಳ್ಳ ದೊಡ್ಡ ಕ್ಯಾಮೆರಾ. ಕರಿಯ ಬಟ್ಟೆಯೊಳಗೆ ತಲೆ ಹುದುಗಿಸಿ, ಮಸುಕು ಗಾಜಿನ ಮೇಲೆ ತಲೆಕೆಳಗಾಗಿ ಕಾಣುವ ಬಿಂಬವನ್ನು ಸರಿಪಡಿಸಬೇಕು. ಹಲವು ವೇಳೆ ಮಸೂರದ ಮುಚ್ಚಳವನ್ನು ಕೈಯಿಂದಲೇ ತೆಗೆದು, ಎಣಿಸಿ, ಮತ್ತೆ ಮುಚ್ಚಬೇಕು. ಇಷ್ಟು ತೊಡಕಿನ ಯಂತ್ರದ ಮೇಲೆ ಅಷ್ಟೊಂದು ಮಮತೆ ಏಕೆ?

ಕಾರಣ ಎರಡು. ಫುಲ್ ಪ್ಲೇಟಿನ ಅಳತೆ ಆರೂವರೆ ಅಂಗುಲಕ್ಕೆ ಎಂಟೂವರೆ ಅಂಗುಲ. ಅದನ್ನು ಹಿಗ್ಗಿಸದೆ ಹಾಗೆಯೇ ಕಾಗದಕ್ಕೆ ಇಳಿಸಿದರೂ ಐವತ್ತು ಜನರ ಗುಂಪಿನಲ್ಲಿ ಪ್ರತಿಯೊಬ್ಬನ ಮುಖವೂ ಸ್ಪಷ್ಟ. 1933ರಲ್ಲಿ ಆರಂಭವಾದ ಸರ್ಕಾರಿ ಎಲೆಕ್ಟ್ರಿಕ್ ಕಾರ್ಖಾನೆ, ಅಂದರೆ ಈಗಿನ ಕವಿಕ, ಅಂಥ ಕಡೆ ದುಡಿದವರ ಗುಂಪುಚಿತ್ರಗಳಿಗೆ ಇದೇ ತಕ್ಕ ಸಾಧನ. ಎರಡನೆಯದಾಗಿ, ನೆಗೆಟಿವ್ ದೊಡ್ಡದಾದ್ದರಿಂದ ಅದರ ಮೇಲೆ ಮೊನಚಾದ ಸೀಸದಕಡ್ಡಿಯಿಂದ ತಿದ್ದಬಹುದಾಗಿತ್ತು. ಮುಖದ ಸಿಡುಬಿನ ಕಲೆಯನ್ನು ಮರೆಸಬಹುದಾಗಿತ್ತು. ಹೆಣ್ಣು ನೋಡಲು ಬರುವ ಮುನ್ನ ಚಿತ್ರ ತರಿಸಿಕೊಳ್ಳುತ್ತಿದ್ದ ಕಾಲದಲ್ಲಿ ಇದು ಸಣ್ಣ ಉಪಕಾರವಲ್ಲ.

ಈ ಕ್ಯಾಮೆರಾ ವಿಲಾಯಿತಿಯಿಂದಲೇ ಬರಬೇಕೆಂಬ ನಿಯಮವೂ ಮುರಿಯಿತು. 1940ರ ದಶಕದಲ್ಲಿ ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ ಎಂಬುವರು ‘ವಾಗೀಶ್ವರಿ’ ಎಂಬ ಕ್ಯಾಮೆರಾವನ್ನು ತಯಾರಿಸತೊಡಗಿದರು. ಅವರ ಮನೆತನದ ಕಸುಬು ಸಂಗೀತ ವಾದ್ಯಗಳನ್ನು ಮಾಡುವುದು, ರಿಪೇರಿ ಮಾಡುವುದು. ಹಾರ್ಮೋನಿಯಂ ತಿದಿಯನ್ನು ಬಲ್ಲ ಕೈಗೆ ಕ್ಯಾಮೆರಾದ ತಿದಿ ಕಷ್ಟವಾಗಲಿಲ್ಲ. ತೇಗದ ಮರದ ಈ ಕ್ಯಾಮೆರಾ ದೇಶದ ಅನೇಕ ಸ್ಟುಡಿಯೋಗಳನ್ನು ಸೇರಿತು.

ಇತ್ತ, ಗೃಹಸ್ಥರ ಕೈಗೆ ಕ್ಯಾಮೆರಾ ಬಂದ ಕಥೆಯೇ ಬೇರೆ. 1900ರಲ್ಲಿ ಅಮೆರಿಕದ ಕೊಡಾಕ್ ಕಂಪನಿ ಒಂದು ಡಾಲರಿಗೆ ‘ಬ್ರೌನಿ’ ಎಂಬ ಬಾಕ್ಸ್ ಕ್ಯಾಮೆರಾವನ್ನು ಮಾರಾಟಕ್ಕಿಟ್ಟಿತು. ನಮ್ಮಲ್ಲಿ ಅದೇ ಕೆಲಸವನ್ನು ಅರುವತ್ತರ ದಶಕದ ನಂತರ ಮಾಡಿದ್ದು ಬಡೋದೆಯ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸಿದ ‘ಆಗ್ಫಾ ಕ್ಲಿಕ್ 3’. ಒಂದು ಸುರುಳಿಗೆ ಹನ್ನೆರಡು ಚಿತ್ರ. ದೂರ ಅಳೆಯಬೇಕಾಗಿಲ್ಲ, ಬಿಸಿಲೋ ಮೋಡವೋ ಎಂದು ಸೂಚಿಸಿ ಗುಂಡಿ ಒತ್ತಿದರೆ ಮುಗಿಯಿತು. 1960ರಲ್ಲಿ ಸ್ಥಾಪನೆಯಾದ ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಎಂಬ ಹೆಸರಿನ ಫಿಲಂ ಒದಗಿಸಿತು. ಆ ಕಾರ್ಖಾನೆ ಈಗ ನಿಂತುಹೋಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ, ಸಂಬಳದಲ್ಲಿ ಉಳಿಸಿ ಕೊಂಡ ಈ ಕ್ಯಾಮೆರಾವನ್ನು ಜನ ಮಗುವಿನಂತೆ ಬೀರುವಿನಲ್ಲಿ ಕಾಪಾಡಿದರು. ಒಂದೇ ಸುರುಳಿ ಯುಗಾದಿಗೆ ಆರಂಭವಾಗಿ ದೀಪಾವಳಿಗೆ ಮುಗಿಯುವುದೂ ಉಂಟು.

ಹವ್ಯಾಸಿಗಳು ಇನ್ನೊಂದು ಮೆಟ್ಟಿಲು ಏರಿದರು. ಕೆಲವರಿಗೆ 1929ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ರೋಲೈಫ್ಲೆಕ್ಸ್, ಅಥವಾ ಅದೇ ಜಾತಿಯ ಜಪಾನಿನ ಯಾಷಿಕಾ ಪ್ರಿಯ. ಅದನ್ನು ಎದೆಯ ಕೆಳಗೆ ಹಿಡಿದು, ತಲೆ ಬಾಗಿಸಿ ನೋಡಬೇಕು. ಎದುರಿನವರನ್ನು ದುರುಗುಟ್ಟಿ ನೋಡಿದಂತಾಗುವುದಿಲ್ಲ. ಸಂಕೋಚದ ಜನಕ್ಕೆ ಅದು ಹಿತ. ಇನ್ನು ಕೆಲವರಿಗೆ 1925ರ ಲೈಕಾದಿಂದ ಬೆಳೆದ 35 ಮಿಲಿಮೀಟರಿನ ಕೈಕ್ಯಾಮೆರಾ ಪ್ರಿಯ: ಜೇಬಿಗೆ ಹಗುರ, ಸುರುಳಿಗೆ ಮೂವತ್ತಾರು ಚಿತ್ರ, ಕ್ಷಣಮಾತ್ರದಲ್ಲಿ ಸಿದ್ಧ. ಸಜ್ಜಾಗಿ ನಿಂತವರನ್ನಲ್ಲ, ತಮ್ಮ ಪಾಡಿಗೆ ಬದುಕುವ ಸಾಮಾನ್ಯರನ್ನು ಹಿಡಿಯುವ ಕಲೆಗೆ ನಮ್ಮಲ್ಲಿ ದೊಡ್ಡ ಹೆಸರು ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರದು.

ಈಗ ಮನೆಯ ಆಲ್ಬಮ್ಮಿಗೆ ಮರಳೋಣ. ಅಗ್ಗದ ಕ್ಯಾಮೆರಾದ ಮಸೂರ ಸಣ್ಣದು. ನಡುಹಗಲಿನ ಬಿಸಿಲಿಗೂ ಮನೆಯೊಳಗಿನ ಬೆಳಕಿಗೂ ನೂರಾರು ಪಟ್ಟು ಅಂತರ. ಆದ್ದರಿಂದ ಎಲ್ಲರನ್ನೂ ಅಂಗಳಕ್ಕೆ ಕರೆದು ನಿಲ್ಲಿಸಬೇಕಾಯಿತು. ಕಬ್ಬನ್ ಪಾರ್ಕಿನ ಹುಲ್ಲು, ಲಾಲ್‌ಬಾಗಿನ ಗಾಜಿನ ಮನೆ, ಬಾಗಿಲ ಮುಂದಿನ ರಂಗೋಲಿ ಇವೆಲ್ಲ ಉಳಿದವು. ಒಲೆಯ ಮುಂದೆ ದಿನ ಕಳೆದ ಅಜ್ಜಿ, ಲಾಟೀನಿನ ಬೆಳಕಿನಲ್ಲಿ ಓದುವ ಹುಡುಗ, ರಾತ್ರಿ ಪಾಳಿಗೆ ಹೊರಟ ತಂದೆ, ಇವರು ಉಳಿಯಲಿಲ್ಲ. ಎಂಬತ್ತರ ದಶಕದಲ್ಲಿ ಫ್ಲ್ಯಾಷ್ ಜೋಡಿಸಿದ ಪುಟ್ಟ ಕ್ಯಾಮೆರಾಗಳು ಮನೆಮನೆಗೂ ಬಂದ ಮೇಲೆಯೇ ಅಡಿಗೆಮನೆಗೆ ಚಿತ್ರದಲ್ಲಿ ಜಾಗ ದೊರೆಯಿತು. ಆ ಹೊತ್ತಿಗೆ ಅನೇಕ ಅಜ್ಜಿಯರು ತೀರಿಕೊಂಡಿದ್ದರು.

ಇಂದು ಎಲ್ಲರ ಮೆಚ್ಚಿನ ಕ್ಯಾಮೆರಾ ಕೈಯಲ್ಲಿರುವ ದೂರವಾಣಿಯೇ. ಅದಕ್ಕೆ ಕತ್ತಲೆಯ ಭಯವಿಲ್ಲ, ಸುರುಳಿ ಮುಗಿಯುವ ಚಿಂತೆಯಿಲ್ಲ. ಆದರೆ ಹಳೆಯ ಚಿತ್ರಗಳಲ್ಲಿರುವವರ ಹೆಸರನ್ನು ಬಲ್ಲವರು ಮನೆಯಲ್ಲಿ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ಟ್ರಂಕಿನಲ್ಲಿರುವ ಆ ಚಿತ್ರಗಳನ್ನು ಈ ಭಾನುವಾರ ಹೊರಗೆ ತೆಗೆಯಿರಿ. ಹಿರಿಯರನ್ನು ಕೂರಿಸಿಕೊಂಡು, ಯಾರು, ಯಾವ ಊರು, ಯಾವ ವರ್ಷ ಎಂದು ಕೇಳಿ, ಹಿಂಬದಿಯಲ್ಲಿ ಮೆತ್ತಗೆ ಪೆನ್ಸಿಲಿನಿಂದ ಬರೆದಿಡಿ. ನೆಗೆಟಿವ್‌ಗಳಿದ್ದರೆ ತೇವ ತಾಗದಂತೆ ಕಾಗದದ ಲಕೋಟೆಯಲ್ಲಿಡಿ. ಚಿತ್ರದಲ್ಲಿ ಸಿಗದ ಅಡಿಗೆಮನೆ, ರಾತ್ರಿ ಪಾಳಿಗಳ ಮಾತನ್ನೂ ಆಗಲೇ ಕೇಳಿ ಬರೆದುಕೊಳ್ಳಬಹುದು.