ಬೈಲು, ಮಜಲು, ಬೆಟ್ಟು

ಹೆಚ್ಚು ನೀರು ಬೇಡುವ ಗಿಡಗಳನ್ನು ಒಂದೆಡೆ, ಕಡಿಮೆ ಸಾಕಾಗುವವನ್ನು ಇನ್ನೊಂದೆಡೆ ನೆಡಿ ಎಂದು ತೋಟಗಾರಿಕೆ ಬಲ್ಲವರು ಈಗ ಹೇಳುತ್ತಾರೆ. ಕರಾವಳಿಯ ಕಾಪುವಿನ ಸುತ್ತ ನಮ್ಮ ಹಿರಿಯರು ಇನ್ನೂ ಹಿಂದಿನಿಂದ ಶುರು ಮಾಡಿದ್ದರು: ಮೊದಲು ನೆಲವನ್ನೇ ನೀರಿನ ಲೆಕ್ಕದಲ್ಲಿ ವಿಂಗಡಿಸಿ, ಆಮೇಲೆ ಬೆಳೆ ಆರಿಸಿದರು.

ತೋಡಿನ ಬದಿಯ ತಗ್ಗು ಬೈಲು. ಅಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಭತ್ತದ ಮೂರು ಬೆಳೆ. ಅದಕ್ಕಿಂತ ಮೇಲಿನ ಮಜಲಿನಲ್ಲಿ ಎರಡು. ತೀರಾ ಮೇಲಿನ ಬೆಟ್ಟುಗದ್ದೆಯಲ್ಲಿ ಮಳೆಯನ್ನೇ ನಂಬಿದ ಏಣೆಲು ಮಾತ್ರ. 1801ರಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ವಿಂಗಡಣೆಯನ್ನು ದಾಖಲಿಸಿದ್ದಾನೆ.

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಿಗೆ ಈ ಲೆಕ್ಕ ಯಾಕೆ? ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಹೋಗುತ್ತದೆ. ಮುರಕಲ್ಲಿನ ನೆಲ ನೀರನ್ನು ಹಿಡಿದಿಡದೆ ಕೆಳಗೆ ಬಿಡುತ್ತದೆ. ಬೆಟ್ಟು ಒಣಗಿ ಬಿರುಕು ಬಿಟ್ಟ ಮೇಲೂ ಬೈಲಿನ ಹೊಂಡದಲ್ಲಿ ನೀರಿರುತ್ತಿತ್ತು. ಏತದಿಂದ ಎತ್ತಿ ಬೇಸಗೆಯ ಕೊಳಕೆಗೆ ಹಾಯಿಸುತ್ತಿದ್ದರು.

ಇದೇ ವಿವೇಕ ಅಜ್ಜಿಯ ಹಿತ್ತಲಲ್ಲೂ ಇತ್ತು. ಬಸಳೆ ಚಪ್ಪರ ಬಾವಿಕಟ್ಟೆಯ ಪಕ್ಕ, ಕೊಡದಿಂದ ಚೆಲ್ಲಿದ್ದೆಲ್ಲ ಅದಕ್ಕೇ. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸು. ಮಲ್ಲಿಗೆ ಮಾತ್ರ ಅಂಗಳದ ಎತ್ತರದ ಬದಿಗೆ. ಶಂಕರಪುರದ ಮಲ್ಲಿಗೆಗೆ ಬೇಸಗೆಯಲ್ಲಿ ನೀರು ಬೇಕು, ಆದರೆ ಬುಡದಲ್ಲಿ ನಿಂತರೆ ಬೇರು ಕೊಳೆಯುತ್ತದೆ. ಹಿತ್ತಲಿನಾಚೆ, ಮಟ್ಟುವಿನ ಗುಳ್ಳ ಬದನೆಯೂ ಏಣೆಲು ಕೊಯ್ದ ಗದ್ದೆಗೇ ಇಳಿಯುತ್ತದೆ.

ಪಂಪ್‌ಸೆಟ್ ಬಂದ ಮೇಲೆ ಎತ್ತರ ತಗ್ಗಿನ ಲೆಕ್ಕ ಸಡಿಲವಾಯಿತು. ಬೆಟ್ಟಿಗೂ ಅಡಿಕೆ ಏರಿತು. ಎಷ್ಟೋ ಬೆಟ್ಟುಗದ್ದೆಗಳು ಉಳುಮೆಯಿಲ್ಲದೆ ಹಡಿಲು ಬಿದ್ದವು, ಬೈಲುಗಳಿಗೆ ಮಣ್ಣು ತುಂಬಿಸಿ ಮನೆ ಕಟ್ಟಿದರು. ನನಗೆ ಹೆಚ್ಚು ನೋವು ಕೊಡುವುದು ಹಡಿಲು ಗದ್ದೆ. ಒಂದೇ ಬೆಳೆ ಕೊಡುತ್ತಿದ್ದ ಆ ಗದ್ದೆ ಬಡವಲ್ಲ; ಹುಣಿ (ಬದು) ಕಟ್ಟಿ ಮಳೆನೀರನ್ನು ತಿಂಗಳುಗಟ್ಟಲೆ ನಿಲ್ಲಿಸಿ ಕೆಳಗಿನ ಬಾವಿಗಳಿಗೆ ಇಂಗಿಸುತ್ತಿದ್ದದ್ದು ಅದೇ. ಈಗ ಹುಣಿ ಒಡೆದಿದೆ. ಆಷಾಢದ ಮಳೆ ನಿಲ್ಲದೆ ನೇರ ತೋಡಿಗೆ, ತೋಡಿನಿಂದ ಕಡಲಿಗೆ ಓಡುತ್ತದೆ. ಏಪ್ರಿಲ್ ಬಂದರೆ ಬೈಲಿನ ಮನೆಗಳವರೂ ಟ್ಯಾಂಕರಿಗೆ ಫೋನ್ ಮಾಡುತ್ತಾರೆ.