ವ್ಯಕ್ತಿತ್ವ ಮಾಪನದಲ್ಲಿ ಗೆಳೆಯರ ವರದಿ: ಲಂಡನ್, ಮೈಸೂರು, ಎಲೆಕ್ಟ್ರಾನಿಕ್ ಸಿಟಿ

ಒಬ್ಬನ ಸ್ವಭಾವವನ್ನು ಅವನ ಒಡನಾಡಿಗಳಿಂದ ಅರಿಯಬೇಕೆಂಬುದು ಹಳೆಯ ಲೋಕರೂಢಿ. ಹೆಣ್ಣು ಕೊಡುವವರು ವರನ ನಡತೆಯನ್ನು ಅವನ ಊರಿನವರಲ್ಲಿ ವಿಚಾರಿಸುತ್ತಿದ್ದುದು ಈ ನಂಬಿಕೆಯಿಂದಲೇ. ಇದಕ್ಕೆ ಮಾಪನದ ಶಿಸ್ತು ಒದಗಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಪರಂಪರೆಯಲ್ಲಿ ಸಂಶೋಧನೆ ನಡೆಸಿದ ಎಡ್ವರ್ಡ್ ವೆಬ್, ಶಿಕ್ಷಕ ತರಬೇತಿ ವಿದ್ಯಾರ್ಥಿಗಳ ಗುಣಗಳಿಗೆ ಅವರನ್ನು ಬಲ್ಲ ಸಹವಿದ್ಯಾರ್ಥಿಗಳಿಂದಲೇ ಅಂಕ ಹಾಕಿಸಿದರು. 1915ರಲ್ಲಿ ಪ್ರಕಟವಾದ ಈ ಅಧ್ಯಯನವು ಬುದ್ಧಿಶಕ್ತಿಗಿಂತ ಭಿನ್ನವಾದ, ಸಂಕಲ್ಪದ ದೃಢತೆಗೆ ಸಂಬಂಧಿಸಿದ ಅಂಶವೊಂದನ್ನು ಗುರುತಿಸಿತು.

ಅದೇ ಸ್ಪಿಯರ್‌ಮನ್ನರಲ್ಲಿ ಅಭ್ಯಾಸ ಮಾಡಿಬಂದ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. 1935ರಲ್ಲಿ ಮನೆಯಿಂದಲೇ ಬಾನುಲಿ ಪ್ರಸಾರ ತೊಡಗಿಸಿದವರೆಂದು ಅವರನ್ನು ನೆನೆಯುವ ಕನ್ನಡಿಗರು ಈ ಕೊಡುಗೆಯನ್ನು ಬಹುಮಟ್ಟಿಗೆ ಮರೆತಿದ್ದಾರೆ. ಮಾಪನದ ವಿದ್ಯೆ ಕರ್ನಾಟಕಕ್ಕೆ ಬಂದ ಮುಖ್ಯ ದಾರಿಗಳಲ್ಲಿ ಇದೂ ಒಂದು.

ಇಂದು ಪ್ರಸಿದ್ಧವಾಗಿರುವ ಐದು ವ್ಯಕ್ತಿತ್ವಾಂಶಗಳ ಸಿದ್ಧಾಂತಕ್ಕೂ ಗೆಳೆಯರ ವರದಿಯೇ ಆಧಾರವಾಗಿತ್ತು. ಅಮೆರಿಕದ ವಾಯುಪಡೆಗಾಗಿ ಟ್ಯೂಪ್ಸ್ ಮತ್ತು ಕ್ರಿಸ್ಟಲ್ 1961ರಲ್ಲಿ, ನಾರ್ಮನ್ 1963ರಲ್ಲಿ ನಡೆಸಿದ ವಿಶ್ಲೇಷಣೆಗಳು ಪ್ರಧಾನವಾಗಿ ಒಡನಾಡಿಗಳು ಕೊಟ್ಟ ಅಂಕಗಳನ್ನು ಅವಲಂಬಿಸಿದ್ದವು. ಸ್ವಯಂವರದಿಯ ಪ್ರಶ್ನಾವಳಿಗಳು ಮೇಲುಗೈ ಪಡೆದದ್ದು ಅವು ಹೆಚ್ಚು ಸತ್ಯವೆಂದಲ್ಲ, ಅಗ್ಗವೆಂದು.

ಬೆಂಗಳೂರಿನ ಹೊರವಲಯದಲ್ಲಿ ಈ ವಿಧಾನ ಬೇರೆಯೇ ರೂಪ ತಾಳಿತು. 1976ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಿತು. ಮುಂದೆ ಅಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ನೆಲೆಗೊಂಡ ಸಾಫ್ಟ್‌ವೇರ್ ಉದ್ಯಮವು ಸಹೋದ್ಯೋಗಿಗಳ ಅಭಿಪ್ರಾಯ ಪಡೆಯುವ '360 ಡಿಗ್ರಿ' ಮೌಲ್ಯಮಾಪನವನ್ನು ರೂಢಿಗೆ ತಂದಿತು. ಸಂಶೋಧಕನಿಗೆ ಗುಟ್ಟಾಗಿ ಕೊಟ್ಟ ಅಂಕದಿಂದ ಯಾರ ಸಂಬಳವೂ ಏರುಪೇರಾಗದು. ಅದೇ ಅಂಕ ಬಡ್ತಿಗೆ ತಳಕು ಹಾಕಿಕೊಂಡಾಗ, ಅದು ಗೆಳೆಯನ ಗುಣದ ಅಳತೆಯೋ ಬರೆದವನ ಎಚ್ಚರಿಕೆಯ ಅಳತೆಯೋ ಹೇಳುವುದು ಕಷ್ಟ. ಪೀಣ್ಯದ ಲೇತ್ ಕಾರ್ಖಾನೆಗೆ ತನ್ನೂರಿನ ಹುಡುಗನನ್ನು ಸೇರಿಸುವ ಕಾರ್ಮಿಕನ ಮಾತೂ ಒಂದು ವರದಿಯೇ. ಹುಡುಗ ಕೆಟ್ಟರೆ ಹೋಗುವುದು ಹೇಳಿದವನ ಮರ್ಯಾದೆ. ಆದುದರಿಂದ ಅದು ನಮೂನೆಯಲ್ಲಿ ತುಂಬಿದ ಅಂಕಕ್ಕಿಂತ ಹೆಚ್ಚು ತೂಕದ್ದು.

ಗೆಳೆಯರ ನೋಟಕ್ಕೂ ಮಿತಿಯುಂಟು. ಬುದ್ಧಿವಂತಿಕೆಯಂತಹ ಗುಣಗಳನ್ನು ಗೆಳೆಯರು ವ್ಯಕ್ತಿಗಿಂತ ಚೆನ್ನಾಗಿ ಅಳೆಯಬಲ್ಲರು. ಒಳಗಿನ ಆತಂಕವನ್ನು ವ್ಯಕ್ತಿಯೇ ಚೆನ್ನಾಗಿ ಬಲ್ಲನೆಂದು ಸಿಮೀನ್ ವಜೀರೆಯವರ 2010ರ ಅಧ್ಯಯನ ತೋರಿಸಿದೆ. ರಾತ್ರಿಪಾಳಿಯಲ್ಲಿ ಪಕ್ಕದಲ್ಲೇ ಕುಳಿತವನ ಕಳವಳವೂ ಸಹೋದ್ಯೋಗಿಯ ನಮೂನೆಗೆ ಇಳಿಯದೆ ಹೋಗಬಹುದು. ಕನ್ನಡದಲ್ಲಿ ಅಂಥವನನ್ನು ಗುಮ್ಮನಗುಸಕ ಎನ್ನುತ್ತಾರೆ. ಆ ಪದದಲ್ಲಿ ಅವನ ಮೇಲಿನ ದೂರಿನೊಡನೆ, ಅವನು ತಮಗೆ ಕಾಣಲಿಲ್ಲವೆಂಬ ಗೆಳೆಯರ ಒಪ್ಪಿಗೆಯೂ ಇದೆ.